ಮಾವ ಆರಿಸಿದ ದೀಪ

ಗೆಳೆಯರೇ, ಇವತ್ತು ಸಂಜೆ ನಾನು ಹಾಲ್‌ನಲ್ಲಿ ಕವಿತೆ ಓದುತ್ತಾ ಕೂತಿದ್ದಾಗಲೇ ಮಾವ ದೀಪ ಆರಿಸಿಬಿಟ್ಟರು.

"ಮಾವ, ನಾನಿಲ್ಲೇ ಇದೀನಿ" ಎಂದೆ.

"ಸದ್ದೇ ಇರ್ಲಿಲ್ವಲ್ಲಮ್ಮಾ, ಎದ್ದು ಹೋಗಿದೀಯ ಅಂದ್ಕೊಂಡೆ. ಹಾಳೆ ತಿರುಗಿಸಿದ್ದೂ ಕೇಳಿಸ್ಲಿಲ್ಲ."

"ಇದು ಕವಿತೆ, ಮಾವ. ಒಂದೇ ಪುಟದಲ್ಲಿ ತುಂಬ ಹೊತ್ತು ಇರ್ತೀನಿ."

"ಇರು, ಬೇಡ ಅನ್ನಲ್ಲ. ಮಧ್ಯೆ ಮಧ್ಯೆ ಕೆಮ್ತಾ ಇರು" ಎಂದು ದೀಪ ಹಾಕಿ ಹೋದರು.

ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು ಅವರು. ಜನರಿಲ್ಲದ ಕಡೆ ದೀಪ ಉರಿಯಬಾರದು ಅನ್ನುವುದು ಅವರ ನಿಯಮ. ರೇಗೋಣವೆಂದುಕೊಂಡೆ, ಆಗಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಹೆಚ್ಚು ಹೊತ್ತು ಬರುವಂತೆ ಪ್ರೊಸೆಸರ್ ವಿನ್ಯಾಸ ಮಾಡುವುದು ನನ್ನ ಕೆಲಸ. ಅರ್ಧ ನಿಮಿಷ ಯಾರೂ ಕೀಬೋರ್ಡ್ ಮುಟ್ಟದಿದ್ದರೆ, ಎದುರಿಗೆ ಯಾರೂ ಇಲ್ಲವೆಂದು ತಿಳಿದು ಪರದೆ ಆರಿಸಿ ಮಲಗಬೇಕೆಂದು ಅದಕ್ಕೆ ಕಲಿಸಿದವಳು ನಾನೇ. ನಾಳೆ ನಾನು ವಿನ್ಯಾಸಕ್ಕೆ ಸಹಿ ಹಾಕಿದರೆ ಆ ಅರ್ಧ ನಿಮಿಷದ ಲೆಕ್ಕ ಚಿಪ್‌ನೊಳಗೆ ಸೇರಿಹೋಗುತ್ತದೆ, ಆಮೇಲೆ ತಿದ್ದುವಂತಿಲ್ಲ.

ಸಹೋದ್ಯೋಗಿಗೆ ಫೋನ್ ಮಾಡಿ, "ಅರ್ಧ ನಿಮಿಷ ಬೇಡ, ಐದು ನಿಮಿಷ ಮಾಡೋಣ" ಎಂದೆ.

"ಬ್ಯಾಟರಿ ಬೇಗ ಹೋಗುತ್ತಲ್ಲಾ ಮೇಡಂ! ಅಷ್ಟು ಹೊತ್ತು ಅಲ್ಲಾಡದೆ ಯಾರು ಕೂತಿರ್ತಾರೆ?" ಎಂದ.

"ನಾನು" ಎಂದು ಹೇಳಿ, ಮಾವನಿಗೆ ಕೇಳುವಂತೆ ಒಮ್ಮೆ ಕೆಮ್ಮಿದೆ.