ನೀಲಪ್ಪನ ಡೆನ್ಮಾರ್ಕ್ ದೀಪ

ಗಜೇಂದ್ರಗಡದಾಗ ನೀಲಪ್ಪನಂಥಾ ಮನಶ್ಯಾ ಇನ್ನೊಬ್ಬ ಹುಟ್ಟಬಾರದು. ನಾ ಬಾಳವ್ವ, ಹನ್ನೆರಡ ವರ್ಷ ಅವನ ಮನ್ಯಾಗ ಸೀರಿ ನೇಯ್ದಾಕಿ, ಸುಳ್ಳ ಹೇಳಿ ನನಗೇನ ಆಗಬೇಕಾಗೈತಿ? ಅವನ ಪಡಸಾಲ್ಯಾಗ ಮೇಜ ಇತ್ತು, ಬರಿಯೂದಿಲ್ಲ. ಕುರ್ಚಿ ಇತ್ತು, ಕುಂಡ್ರೂದಿಲ್ಲ, ಕುಂತ್ರ ಧೋತರ ಹರೀತೈತಂತ. ಇವಕ್ಕ ಜೋಡಿಯಾಗಿ ಒಂದ ದೀಪ ಬಂತು.

ಹೊಳೆಆಲೂರ ಸ್ಟೇಶನ್ ಹತ್ರ ಇದ್ದ ಯಾವನೋ ಪರದೇಶದ ಇಂಜಿನಿಯರ ತನ್ನೂರಿಗೆ ಹೋಗುವಾಗ ಸಾಮಾನ ಹರಾಜ ಹಾಕಿದ್ದ. ನೀಲಪ್ಪ ಅಲ್ಲಿಂದ ಈ ಮೇಜಿನ ದೀಪ ತಂದ. ಹಿತ್ತಾಳಿ ಕಂಬ, ಬಾಗಿದ ಕುತ್ತಿಗಿ, ಮ್ಯಾಲ ನಿರಿಗಿ ನಿರಿಗಿಯಾಗಿ ಮಡಚಿದ ಬಿಳಿ ಹಾಳಿ ಟೊಪಿಗಿ. ಕರೆಂಟಿನ ದೀಪ. ಐವತ್ತನಾಲ್ಕನೇ ಇಸವ್ಯಾಗ ನಮ್ಮೂರಾಗ ಕರೆಂಟ ಎಲ್ಲಿತ್ತು? ಮೂರ ವರ್ಷ ಅದು ಉರೀಲೇ ಇಲ್ಲ, ದಿನಾ ಧೂಳ ಒರೆಸಿಸ್ಕೊಂಡ ಕುಂತಿತ್ತು.

ಅದರ ಡಬ್ಬಿಯೊಳಗ ಒಂದ ಸಣ್ಣ ಇಂಗ್ಲೀಷ ಪುಸ್ತಕ ಇತ್ತು. ಸಾಲಿ ಮಾಸ್ತರ ಮುದಿಯಪ್ಪನವರು ಓದಿ ಅರ್ಥ ಹೇಳಿದ್ರು. ಡೆನ್ಮಾರ್ಕ್ ಅಂತ ದೇಶ, ಚಳಿಗಾಲದಾಗ ಮಧ್ಯಾಹ್ನಕ್ಕ ಹೊತ್ತ ಮುಳಗತೈತಂತ. ಅಲ್ಲಿ ಒಬ್ಬ ಬಡಿಗ್ಯಾನ ತಾಯಿ ಕಂದೀಲ ಮುಂದ ಕುಂತು ಹೊಲಿಗಿ ಹಾಕ್ತಿದ್ಲು. ಉರಿ ಕಣ್ಣಿಗೆ ಹೊಡದು ದೃಷ್ಟಿ ಹೊಂಟಿತ್ತು. ಮಗ ಹಾಳಿ ಮಡಚಿ ಉರಿಗೆ ಮರೆ ಮಾಡಿದ. ಬೆಳಕ ಆಕಿ ಕೈಮ್ಯಾಲ ಬಿತ್ತು, ಕಣ್ಣ ಉಳದ್ವು. ಮುಂದ ಅದೇ ಆ ಮನಿತನದ ಕಸಬ ಆತಂತ.

ಈ ಕಥಿ ನೀಲಪ್ಪ ಬಂದವರಿಗೆಲ್ಲ ಹೇಳಾವ. ತಾಯಿ ಕಣ್ಣಿನ ಮಾತ ಬಂದಾಗ ಬರಾಬರಿ ಧ್ವನಿ ನಡಗಸಾವ. ಹೇಳೂದ ಶಾಸ್ತ್ರ, ತಿನ್ನೂದ ಬದನಿಕಾಯಿ. ಗ್ವಾಡಿ ಆಚೆ ಕಿಡಕಿ ಇಲ್ಲದ ಕ್ವಾಣ್ಯಾಗ, ಕುಣಿಮಗ್ಗದಾಗ ಕಾಲ ಇಳಿಬಿಟ್ಟ ಕುಂತು ನಾ ಅದನ್ನ ಕೇಳ್ತಿದ್ದೆ. ನನ್ನ ಕಣ್ಣ ಮಂಜಾಗಾಕ ಹತ್ತಿದ್ವು. ಸಂಜಿ ಆತಂದ್ರ ಕರೆ ನೂಲ ಯಾವುದು, ಕಡು ಹಸರ ಯಾವುದು ತಿಳೀತಿರಲಿಲ್ಲ. ಎರಡ ಸೀರಿ ಕೆಡಿಸಿದ್ದೆ. ಮೂರನೇದ ಕೆಟ್ರ ಮಗ್ಗ ಬಿಟ್ಟ ಏಳಬೇಕು ಅಂತ ನೀಲಪ್ಪ ಹೇಳಿಬಿಟ್ಟಿದ್ದ. ಮಗ್ಗ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ.

ಐವತ್ತೇಳಕ್ಕ ಕರೆಂಟ ಬಂತು. ನನ್ನ ಕ್ವಾಣಿಗೂ ಒಂದ ವಾಯರ ಎಳಸ್ರಿ ಅಂದೆ. ನಕ್ಕ, ಪಡಸಾಲಿಗೆ ಎಳಸಿದ. ಅಷ್ಟರಾಗ ಮಳಿಗಾಲದ ತಂಪಿಗೆ ಹಾಳಿ ಟೊಪಿಗಿ ಮೆತ್ತಗಾಗಿ ಜೋತಬಿದ್ದಿತ್ತು. ನಮ್ಮ ಶ್ಯಾಣ್ಯಾ ಏನ ಮಾಡಿದ? ಹಾಸಿನ ನೂಲಿಗೆ ಹಾಕ್ತೀವಲ್ಲ ಜ್ವಾಳದ ಗಂಜಿ, ಅದನ್ನ ಬಳದು ಬಿಸಲಿಗಿಟ್ಟ. ನೂಲ ಬಿರುಸಾಗೂದಾದ್ರ ಹಾಳಿ ಯಾಕ ಆಗೂದಿಲ್ಲ ಅಂತ ಅವನ ವಿಚಾರ. ಬಿರುಸೇನೋ ಆತು. ಎರಡ ದಿನದಾಗ ಇಲಿ ಅರ್ಧಾ ತಿಂದಿದ್ವು.

ಆ ವಾರನ ನೇಕಾರರ ಸಂಘದ ಸಾಹೇಬ ಧಾರವಾಡದಿಂದ ಬರಾವ್ರಿದ್ರು, ನೀಲಪ್ಪಗ ಸಂಘದ ಅಧ್ಯಕ್ಷ ಆಗೂ ಹುಚ್ಚು. ಆಗ ನನ್ನ ನೆನಪಾತು. ಸೀರಿ ಘಡಿ ಹಾಕೂ ಕೈ ಹಾಳಿ ಮಡಚಲಾರದಾ ಅಂದ. ಟೊಪಿಗಿ ಮಾಡಿಕೊಡು, ಸಾಹೇಬ ಹೋದಮ್ಯಾಲ ದೀಪ ನಿನ್ನ ಮಗ್ಗದ ಮುಂದ ಇಡ್ತೀನಿ ಅಂತ ಕಾಲಕಾಲೇಶ್ವರನ ಆಣಿ ಮಾಡಿದ. ನಾ ಹುಚ್ಚಿ, ನಂಬಿದೆ. ಸೀರಿ ಸುತ್ತೂ ದಪ್ಪ ಹಾಳಿ ತಗೊಂಡು ಎರಡ ದಿನ ಕುಂತು ಮಡಚಿದೆ.

ಸಂಜಿಗೆ ಸಾಹೇಬ ಬಂದ್ರು, ಅರ್ಧಾ ಓಣಿ ಕೂಡಿತು. ನೀಲಪ್ಪ ದೀಪ ಹಚ್ಚಿ ಕಥಿ ಹೇಳಿದ, ಧ್ವನಿ ನಡಗಿಸಿದ. ಟೊಪಿಗಿ ಸೈತ ಆ ಬಡಿಗ್ಯಾನ ಕೈಯಿಂದ ಆದದ್ದು ಅಂದ. ಸಾಹೇಬರು ಮೆಚ್ಚಿದ್ದ ತಡ, ದೀಪ ಸಂಘದ ಆಫೀಸಿಗೆ ನನ್ನ ಕಾಣಿಕಿ ಅಂದಬಿಟ್ಟ.  ಮಗ್ಗದ ಕುಣಿಯಿಂದ ಎದ್ದ ಹೊರಗ ಬಂದೆ.

"ಸಾಹೇಬ್ರ, ಈ ನಿರಿಗಿ ನನ್ನ ಕೈಯವು. ದೀಪ ಅವರದು, ಒಯ್ರಿ. ಟೊಪಿಗಿ ನಂದು."

ಎತ್ತಿಕೊಂಡ ಒಳಗ ಹೋಗಿ ನನ್ನ ಕಂದೀಲಿಗೆ ಹಾಕಿದೆ. ಬೆಳಕ ನೂಲಮ್ಯಾಲ ಬಿತ್ತು. ಕರೆ ನೂಲ ಕರೆ, ಹಸರ ನೂಲ ಹಸರ ಕಂಡ್ವು.

ನೀಲಪ್ಪ ಬೆನ್ನಹತ್ತಿ ಬಂದು ಮಗ್ಗ ಬಿಟ್ಟೇಳು ಅಂದ. ಮೂರನೇ ಸೀರಿ ಕೆಟ್ರ ಏಳಬೇಕಂದಿದ್ರಿ, ತಪ್ಪ ಎಲ್ಲೈತಿ ತೋರಸ್ರಿ ಅಂತ ಮಗ್ಗದಿಂದ ಕೊಯ್ದಿಟ್ಟ ಮೂರನೇ ಸೀರಿ ಅವನ ಕೈಯಾಗ ಕೊಟ್ಟೆ. ನೀಲಪ್ಪ ಅದನ್ನ ಸಾಹೇಬರ ಮುಂದ ಒಯ್ದು, ಆ ಬೋಳ ದೀಪದ ಹತ್ರ ಹಿಡದ. ಉರಿ ಕಣ್ಣಿಗೆ ಹೊಡೀತು. ಕಣ್ಣ ಒರಸಿಕೊಂಡ, ಮತ್ತ ನೋಡಿದ. ಕೂಡಿದ ಮಂದಿ ಎಲ್ಲಾ ನೋಡ್ತಿರುವಾಗ, ಕರೆ ಯಾವುದು ಹಸರ ಯಾವುದು ಅವಗ ತಿಳೀಲಿಲ್ಲ.