ಅಣ್ಣ ಬರೂತನಕ

ಮೊದಲು ಬಂದದ್ದು ವಾಸನೆ. ಮಗಳು ಎಳೆದುಕೊಂಡು ಹೋದಳೆಂದು ವಿಜಯವಾಡದ ಥಿಯೇಟರೊಂದರಲ್ಲಿ ಮಧ್ಯಾಹ್ನದ ಆಟಕ್ಕೆ ಕೂತಿದ್ದೆ. ಹೊರಗಿನ ತಿಂಡಿ ತರಬಾರದೆಂದು ಬಾಗಿಲಲ್ಲೇ ಚೀಲ ತಡಕಾಡುತ್ತಾರೆ. ಆದರೂ ಮುಂದಿನ ಸಾಲಿನ ಮುದುಕಿಯೊಬ್ಬರು ಸೆರಗಿನ ಮರೆಯಲ್ಲಿ ಡಬ್ಬಿಯೊಂದನ್ನು ದಾಟಿಸಿಬಿಟ್ಟಿದ್ದರು. ಇಂಟರ್‌ವೆಲ್‌ವರೆಗೂ ಕಾಯದೆ ಅದರ ಮುಚ್ಚಳ ತೆಗೆದರು. ಬೊಬ್ಬಟ್ಟು, ಅಂದರೆ ನಮ್ಮ ಹೋಳಿಗೆ. ಬೆಲ್ಲ, ಏಲಕ್ಕಿ, ತುಪ್ಪದಲ್ಲಿ ಬೆಂದ ಹೂರಣ. ಏಸಿಯ ತಣ್ಣನೆ ಗಾಳಿಯಲ್ಲಿ ಆ ವಾಸನೆ ಮೆಲ್ಲಗೆ ನಮ್ಮ ಸಾಲಿಗೂ ಬಂತು. ಪರದೆಯ ಮೇಲೆ ಯಾವುದೋ ಕಾಲದ ರಾಜ್ಯ. ಯುದ್ಧಕ್ಕೆ ಹೋದ ಹಿರಿಯ ಮಗ ಮರಳಿಲ್ಲ, ಬಂದೇ ಬರುತ್ತಾನೆಂದು ರಾಜಮಾತೆ ಗುಡಿಯಲ್ಲಿ ಆರದ ದೀಪ ಇಟ್ಟಿದ್ದಾಳೆ, ಅರಮನೆಯಲ್ಲಿ ಬೆಳೆಯುತ್ತಿರುವ ಮಗು ಯಾರದೆಂಬ ಗುಟ್ಟನ್ನು ಎಲ್ಲರೂ ನುಂಗಿಕೊಂಡಿದ್ದಾರೆ. ಕುದುರೆ, ಕತ್ತಿ, ಧೂಳು. ಅದನ್ನೆಲ್ಲ ನೋಡಿ ನನಗೇನೂ ಆಗಿರಲಿಲ್ಲ. ಹೋಳಿಗೆಯ ವಾಸನೆಗೆ ಕಣ್ಣು ತುಂಬಿತು. ಮಗಳು ತಿರುಗಿ "ಏಮೈಂದಮ್ಮಾ?" ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಗಾಬರಿಯಾದರೆ ಮಾತ್ರ ಬಾಯಿಗೆ ತೆಲುಗೇ ಬರುತ್ತದೆ. ಏನಿಲ್ಲ ಎಂದೆ. ಏನಿಲ್ಲ ಎನ್ನುವುದು ನಮ್ಮ ಮನೆತನದ ಹಳೆಯ ಅಭ್ಯಾಸ.

ವಿಶಾಖಪಟ್ಟಣದಲ್ಲಿ ನಾವಿದ್ದದ್ದು ಹಡಗು ಕಟ್ಟುವ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಉಪ್ಪುಗಾಳಿಗೆ ಕಿಟಕಿಯ ಸರಳುಗಳು ಎಷ್ಟು ಬಣ್ಣ ಬಳಿದರೂ ತುಕ್ಕು ಹಿಡಿಯುತ್ತಿದ್ದವು, ಒಣಹಾಕಿದ ಬಟ್ಟೆ ಸಂಜೆಯಾದರೂ ಜಿಗುಟಾಗಿರುತ್ತಿತ್ತು. ಮನೆಯಲ್ಲಿ ನಾಲ್ವರು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತು ನಾನು. ಅಪ್ಪ ಅಲ್ಲಿ ವೆಲ್ಡರ್ ಆಗಿದ್ದರು. ಅಂಗಿಯ ತೋಳಿನಲ್ಲಿ ಕಿಡಿ ಸಿಡಿದ ಸಣ್ಣಸಣ್ಣ ತೂತುಗಳಿರುತ್ತಿದ್ದವು. ಆಯಿ ಗದಗಿನ ಕಡೆಯವಳು. ಊರು ಬಿಟ್ಟು ಬಂದಿದ್ದರೂ ಊರಿನ ಮಾತು ಬಿಟ್ಟಿರಲಿಲ್ಲ. ತೆಲುಗಿನವರ ಜೊತೆಯೂ ಗದಗಿನ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ಅನಕಾಪಲ್ಲಿಯಿಂದ ಅಪ್ಪ ಅಷ್ಟು ಚಂದದ ಬೆಲ್ಲದ ಅಚ್ಚು ತಂದರೆ ಮೂಸಿ ನೋಡಿ, "ಇದಕ್ಕೂ ಕಡಲಿನ ಗಾಳಿ ಬಡದೈತಿ" ಎಂದು ಮುಖ ತಿರುಗಿಸುವಳು. ಸಮುದ್ರ ಕೂಗಳತೆಯಲ್ಲಿದ್ದರೂ ಒಂದು ದಿನವೂ ಅದನ್ನು ನೋಡಲು ಹೋದವಳಲ್ಲ. ಕರೆದರೆ, "ಅದರ ಕೂಡ ನಂದು ಮಾತಿಲ್ಲ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ, ಅವ್ವ ನಗುತ್ತಿರಲಿಲ್ಲ.

ಆಯಿಯ ಟ್ರಂಕಿನೊಳಗೆ ಬಿಳಿ ಸಮವಸ್ತ್ರದ ತರುಣನೊಬ್ಬನ ಫೋಟೋ ಇತ್ತು. ದೊಡ್ಡಪ್ಪ ಎಂದು ನನಗೆ ಹೇಳಿದ್ದರು. ನೌಕಾಪಡೆಯಲ್ಲಿದ್ದರು, ಯುದ್ಧದಲ್ಲಿ ಹಡಗು ಮುಳುಗಿತು. ಸರ್ಕಾರದಿಂದ ತಂತಿ ಬಂತು, ದೇಹ ಬರಲಿಲ್ಲ. ದೇಹ ಬರಲಿಲ್ಲವೆಂದರೆ ಸತ್ತಿಲ್ಲ ಎಂಬುದು ಆಯಿಯ ಲೆಕ್ಕ. ಸೋಮವಾರ ಅವಳದು ಒಪ್ಪತ್ತು, ಮನೆದೇವರಿಗೆ ಹರಕೆ. ಮಗ ಬಂದ ದಿನ ಬಿಡುತ್ತೇನೆಂದು ಹಿಡಿದದ್ದನ್ನು ಜ್ವರ ಬಂದರೂ ಬಿಡುತ್ತಿರಲಿಲ್ಲ. ಅಪ್ಪ ಹೊಸ ಸೈಕಲ್ ತಂದರೆ, ಇರಲಿ, ಅಣ್ಣ ಬರೂತನಕ ನೀ ಹೊಡಿ ಎನ್ನುವಳು. ಒಳ್ಳೆಯ ಮಂಚ ಮಾಡಿಸಿದರೂ ಅದೇ ಮಾತು. ಅಪ್ಪ ಹ್ಞೂಂ ಎನ್ನುತ್ತಿದ್ದರು. ತಮ್ಮ ಮನೆಯಲ್ಲೇ ಬಾಡಿಗೆಗೆ ಇದ್ದವರ ಹಾಗೆ ಅವರು ಸದ್ದು ಮಾಡದೆ ಓಡಾಡುತ್ತಿದ್ದರು. ಆಗ ನನಗದು ಅವರ ಸ್ವಭಾವ ಎನಿಸಿತ್ತು.

ನಿಮ್ಮ ಮನೆಯಲ್ಲೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟಿರಬಹುದು. ನಮ್ಮಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಿದ್ದೆವು. ಅವರು ಬಂದು ಉಂಡು ಹೋಗಲೆಂದು. ಎಲೆ ಹಾಕಿದರೆ ಆ ಮನುಷ್ಯ ಸತ್ತಿದ್ದಾನೆಂದು ಮನೆ ಒಪ್ಪಿಕೊಂಡಂತೆ. ಅಜ್ಜನಿಗೆ, ಮುತ್ತಜ್ಜ ಮುತ್ತಜ್ಜಿಗೆ ಎಲೆ ಬೀಳುತ್ತಿತ್ತು, ದೊಡ್ಡಪ್ಪನಿಗೆ ಬೀಳುತ್ತಿರಲಿಲ್ಲ. ನಾನು ಹೈಸ್ಕೂಲು ಸೇರಿದ ವರ್ಷ ಅವ್ವ ಯಾರನ್ನೂ ಕೇಳದೆ ಇನ್ನೊಂದು ಎಲೆ ಹಾಕಿದಳು. ಹೋಳಿಗೆ ಇಟ್ಟು ಮೇಲೆ ತುಪ್ಪ ಸುರಿದಳು. ಆಯಿ ಬಾಗಿಲಲ್ಲಿ ನಿಂತು ನೋಡಿದಳು.

"ಯಾರಿಗಿದು?"

"ನಿಮಗ ಗೊತ್ತಿಲ್ಲೇನ್ರಿ ಅತ್ತಿ?"

"ಎತ್ತ ಅದನ್ನ. ನನ್ನ ಮಗಾ ಜೀವಂತ ಅದಾನ."

ಅವ್ವ ಎತ್ತಲಿಲ್ಲ. ಅವಳು ಅತ್ತೆಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದನಿಯನ್ನೂ ಏರಿಸಲಿಲ್ಲ, ದಣಿದವರು ನೀರು ಕೇಳುವ ಹಾಗೆ ಕೇಳಿದಳು: "ಅವರು ಜೀವಂತ ಇದ್ರ ನಾ ಯಾರಕಿ, ಅತ್ತಿ? ಉಡಿಕಿ ಮಾಡಿಸಿದವರು ನೀವ. ಈಗ ಹೇಳ್ರಿ, ನಾ ಯಾರ ಹೇಣ್ತಿ? ಈ ಹುಡುಗಿ ಯಾರನ್ನ ಅಪ್ಪಾ ಅನ್ನಬೇಕು?"

ಗಂಡ ಸತ್ತವಳಿಗೆ ಮತ್ತೆ ತಾಳಿ ಕಟ್ಟಿಸುವುದಕ್ಕೆ ನಮ್ಮ ಕಡೆ ಉಡಿಕೆ ಎನ್ನುತ್ತಾರೆ. ನನಗೆ ಆ ಶಬ್ದ ಗೊತ್ತಿತ್ತು. ಸಿನಿಮಾದಲ್ಲಿ ಗುಟ್ಟು ಬಯಲಾದಾಗ ನಗಾರಿ ಬಾರಿಸಿದರು, ರಾಜಮಾತೆಯ ಮುಖವನ್ನು ಪರದೆಯ ತುಂಬ ತೋರಿಸಿದರು. ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿತು, ಅಷ್ಟೇ. ಟ್ರಂಕಿನಲ್ಲಿದ್ದವರು ನನ್ನ ತಂದೆ, ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವರು ಚಿಕ್ಕಪ್ಪ. ಕೂಸಾಗಿದ್ದ ನನ್ನನ್ನೂ ಸೊಸೆಯನ್ನೂ ಕೈಬಿಡಲಾರದೆ ಆಯಿ ಕಿರಿಯ ಮಗನಿಗೆ ಅವ್ವನನ್ನು ಕಟ್ಟಿದ್ದಳು. ಕಟ್ಟುವಾಗಲೂ, ಅಣ್ಣ ಬರೂತನಕ ಎಂದಿದ್ದಳು. ಒಂದೇ ಬಾಯಲ್ಲಿ ಮದುವೆಯನ್ನೂ ಮಾಡಿದಳು, ಅದನ್ನು ಸುಳ್ಳೂ ಮಾಡಿದಳು. ಅವಳಿಗೆ ಮಗನನ್ನು ಸಾಯಿಸಲಾಗಲಿಲ್ಲ. ಅದಾಗದೆ ಅವ್ವನಿಗೆ ಸರಿಯಾಗಿ ಹೆಂಡತಿಯಾಗುವುದು ಆಗಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಯಿ ಬಗ್ಗಿ ಎಲೆಯ ಅಂಚು ಹಿಡಿದಳು. ಅವ್ವ ಇನ್ನೊಂದು ಅಂಚು ಹಿಡಿದಳು. ಆಗ ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದರು. ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಕೈಕಾಲು ತೊಳೆದುಕೊಂಡು ಬಂದವರೇ ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಎಡೆಯ ಅನ್ನವನ್ನು ಹಿರಿಯರಿಗೆ ಮುಟ್ಟಿಸುವ ಮೊದಲು ಬದುಕಿದ್ದವರು ಬಾಯಿಗಿಡುವುದುಂಟೇ? "ಎಲಿ ಇಲ್ಲೇ ಇರ್ಲಿ. ನನಗ ಹಸಿವಿ ಆಗೇತಿ" ಎಂದು ಹೋಳಿಗೆ ಮುರಿದರು. ಅವ್ವ ಬೆಚ್ಚಿ ಕೈಬಿಟ್ಟಳು. ಆಯಿಯೂ ಬಿಟ್ಟಳು, ಮಗ ಉಣ್ಣುತ್ತಿರುವ ಎಲೆ ಎಡೆಯಾಗುವುದಿಲ್ಲವಲ್ಲ. ಅಪ್ಪ ತಲೆ ಎತ್ತದೆ ಪೂರ್ತಿ ಉಂಡರು. ಮುಂದಿನ ವರ್ಷವೂ ಅವ್ವ ಆ ಎಲೆ ಹಾಕಿದಳು, ಅಪ್ಪ ಬಂದು ಕೂತರು. ಅದೇ ಪದ್ಧತಿಯಾಗಿಹೋಯಿತು. ಅವ್ವನ ಪಾಲಿಗೆ ಅದು ತೀರಿಹೋದವರ ಎಡೆ, ಆಯಿಯ ಪಾಲಿಗೆ ಕಿರಿಯ ಮಗನ ಊಟ. ಇಬ್ಬರೂ ಸೋಲದಿರಲೆಂದು ಅಪ್ಪ ವರ್ಷ ವರ್ಷ ಸತ್ತವರ ಸಾಲಿನಲ್ಲಿ ಕೂತು ಉಂಡರು. ಉಂಡದ್ದು ಅವರ ಮೈಗೆ ಹತ್ತಿತೋ ಇಲ್ಲವೋ, ನಾವು ಯಾರೂ ಕೇಳಲಿಲ್ಲ.

ಆಯಿ ಹೋದದ್ದು ಒಂದು ಸೋಮವಾರ, ಹಸಿದ ಹೊಟ್ಟೆಯಲ್ಲೇ. ಅಷ್ಟರಲ್ಲಿ ನನ್ನ ಮದುವೆಯಾಗಿತ್ತು. ಅಪ್ಪ ನಿವೃತ್ತರಾದ ಮೇಲೆ ಅವರೂ ಅವ್ವನೂ ನಾನಿದ್ದ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ನಮ್ಮ ಪಕ್ಕದ ಮನೆ ಹಿಡಿದರು. ಆ ಕ್ವಾರ್ಟರ್ಸನ್ನು ಕೆಡವಿದ್ದಾರಂತೆ. ನೋಡಲು ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹೋಗಲಿಲ್ಲ. ಹೋಗಿ ಏನು ನೋಡುವುದು? ಆಯಿ ಜಗಳವಾಡಿದ ಕನ್ನಡವನ್ನು ಈಗ ನನ್ನ ಜೊತೆ ಆಡುವವರೇ ಇಲ್ಲ. ನಾನೂ ಒಬ್ಬಳೇ ಇದ್ದಾಗ ಮಾತ್ರ, ಒಲೆಯ ಮುಂದೆ, ಒಂದೆರಡು ಮಾತು ಆಡಿಕೊಳ್ಳುತ್ತೇನೆ. ವಯಸ್ಸಾದಂತೆ ನೆನಪಿಟ್ಟುಕೊಳ್ಳುವುದಕ್ಕೂ ಸುಸ್ತಾಗಿಬಿಡುತ್ತದೆ.

ಆಯಿ ಹೋಗಿ ವರ್ಷ ತುಂಬಿದ ಮೇಲಿನ ಅಮಾವಾಸ್ಯೆಗೆ ಅವ್ವ ಆಯಿಗೂ ಒಂದು ಎಲೆ ಹಾಕಿದಳು. ಅದರ ಪಕ್ಕದಲ್ಲೇ, ತಾಯಿಯ ಮಗ್ಗುಲಿಗೆ, ಆ ಇನ್ನೊಂದು ಎಲೆ. ಅಪ್ಪ ರೂಢಿಯಂತೆ ಕೈಕಾಲು ತೊಳೆದುಕೊಂಡು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಮೊಣಕಾಲು ಹಿಡಿದುಕೊಂಡು ಕೂರಲು ಬಗ್ಗಿದರು. ಅವ್ವ ಅವರ ತೋಳು ಹಿಡಿದಳು.

"ಅದು ಅವರದು. ಅವರು ಉಣ್ಲಿ," ಎಂದಳು. "ನೀವು ಏಳ್ರಿ. ನನ್ನ ಕೂಡ ಬರ್ರಿ."

ಕೋಣೆಯ ಬಾಗಿಲು ಎಳೆದುಕೊಂಡಳು. ಹಿರಿಯರು ಉಂಡು ಏಳಲೆಂದು ಎಲ್ಲರೂ ಹೊರಗೆ ಕಾದೆವು. ಆಮೇಲೆ ಅಡುಗೆಮನೆಯಲ್ಲಿ ಎರಡು ತಾಟು ಹಾಕಿ ತಾನೂ ಅಪ್ಪನ ಪಕ್ಕದಲ್ಲಿ ಕೂತಳು. ಗಂಡಸರು ಎದ್ದ ಮೇಲೆ ಉಂಡೇ ಅವಳಿಗೆ ರೂಢಿ. ಅಪ್ಪನ ಜೊತೆ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಅಪ್ಪ ತುತ್ತು ಕಲಸಿ ಬಾಯಿಗಿಡದೆ ಅವಳನ್ನೇ ನೋಡುತ್ತಿದ್ದರು. ಅವ್ವ ತಾಟಿನ ಕಡೆಗೇ ಕಣ್ಣಿಟ್ಟು, "ಸಾರಿಗೆ ಉಪ್ಪು ಸರಿ ಐತೇನ್ ನೋಡ್ರಿ" ಎಂದಳು, ಹೊಸದಾಗಿ ಮನೆಗೆ ಬಂದ ಸೊಸೆಯ ಹಾಗೆ.

ಹಾಗೆ ಒಟ್ಟಿಗೆ ಕೂತು ಉಣ್ಣಲು ಅವರಿಗೆ ಉಳಿದಿದ್ದದ್ದು ಬಹಳ ಕಡಿಮೆ ಕಾಲ.