ತಗಡಿನ ಮನೆಗೆ ಬಂದ ಫ್ರಿಜ್ಜು

ಕಡೂರು ಬಸ್ ನಿಲ್ದಾಣದ ಎದುರು ಹೊಸ ಮಳಿಗೆಯೊಂದು ಏಳುತ್ತಿದೆ. ಮೊನ್ನೆ ತರೀಕೆರೆ ಬಸ್ಸಿಗೆ ಕಾಯುತ್ತಿದ್ದಾಗ ಅದರ ಮೇಲೆ ನಿಂತ ಆಳೊಬ್ಬ ಪೈಪಿನಿಂದ ನೀರು ಬಿಡುತ್ತಿದ್ದ. ಹೊಸದಾಗಿ ಹಾಕಿದ ಕಾಂಕ್ರೀಟು, ಅದರ ಮೇಲೆ ಹೊದಿಸಿದ ಹಳೆಯ ಗೋಣಿಚೀಲಗಳು. ನೆನೆದ ಗೋಣಿಯೂ ಹಸಿ ಸಿಮೆಂಟೂ ಸೇರಿದ ವಾಸನೆ ರಸ್ತೆ ದಾಟಿ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಬಸ್ಸು ಬಂದದ್ದನ್ನೂ ಗಮನಿಸದೆ ನಿಂತುಬಿಟ್ಟೆ. ಈ ವಾಸನೆ ಆಪಾಗೆ ಬಹಳ ಇಷ್ಟವಿತ್ತು...

ಆಪಾ ಅಂದರೆ ಅಕ್ಕ. ಅವರ ಮನೆಮಾತು ದಖನಿ ಉರ್ದು. ಆದರೆ ತರೀಕೆರೆಯಲ್ಲಿ ತರಕಾರಿ ಮಾರುವವರಿಂದ ತಾಲ್ಲೂಕು ಕಚೇರಿಯ ಗುಮಾಸ್ತರವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಾನೂ ಹೆಸರು ಹಿಡಿದು ಕರೆದವಳಲ್ಲ. ಈಗ ಆ ಹೆಸರು ಬರೆಯಲೂ ಕೈ ಬರುತ್ತಿಲ್ಲ. ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತರಾದ ಮೇಲೆ ಅವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಚಿಕ್ಕ ಸಂಸ್ಥೆ ನಡೆಸುತ್ತಿದ್ದರು. ಅರ್ಧಕ್ಕೆ ನಿಂತ ಬಡವರ ಮನೆಗಳನ್ನು ಮುಗಿಸಿಕೊಡುವುದು ಅದರ ಕೆಲಸ. ಪಿಯುಸಿ ಮುಗಿಸಿ ಟೈಪಿಂಗ್ ಕಲಿತಿದ್ದ ನಾನು ಕಡೂರಿನಿಂದ ದಿನವೂ ಹೋಗಿ ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಸರ್ಕಾರದಿಂದ ಮನೆ ಮಂಜೂರಾದರೂ ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ ಮುಗಿದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಇನ್ನೊಂದು, ಸೂರು ಆದ ಮೇಲೆ ಮತ್ತೊಂದು. ಮೊದಲು ಕಟ್ಟಬೇಕು, ಫೋಟೊ ತೆಗೆಸಬೇಕು, ಆಮೇಲೆ ಹಣ. ಮೊದಲು ಕಟ್ಟುವುದಕ್ಕೇ ಕೈಯಲ್ಲಿ ಏನೂ ಇಲ್ಲದವರ ಮನೆ ಗೋಡೆಯ ಮಟ್ಟದಲ್ಲೇ ನಿಂತುಬಿಡುತ್ತದೆ. ಆ ಗೋಡೆಯ ಮೇಲೆ ಅರಳಿ ಗಿಡ ಹುಟ್ಟುತ್ತದೆ. ಕಾಗದದಲ್ಲಿ ಅವರು ಮನೆಯುಳ್ಳವರು. ಮಲಗುವುದು ಪಕ್ಕದ ತಗಡಿನ ಅಡಿಯಲ್ಲಿ.

ಸಂಸ್ಥೆಗಿದ್ದ ದೊಡ್ಡ ಆಸ್ತಿ ಎಂದರೆ ಸೆಂಟ್ರಿಂಗ್ ಶೀಟುಗಳು. ಸೂರಿನ ಕಾಂಕ್ರೀಟು ಗಟ್ಟಿಯಾಗುವವರೆಗೆ ಅಡಿಯಲ್ಲಿ ಆನಿಸುವ ಕಬ್ಬಿಣದ ಹಲಗೆಗಳವು. ಯಾರೋ ಪುಣ್ಯಾತ್ಮರು ಕೊಡಿಸಿದ್ದು. ಒಂದು ಮನೆ ಮುಗಿದರೆ ಇನ್ನೊಂದಕ್ಕೆ ಹೋಗುತ್ತಿದ್ದವು. ಸಿಮೆಂಟು, ಕಬ್ಬಿಣಕ್ಕೆ ಮಾತ್ರ ಪ್ರತಿ ಸಲವೂ ಯಾರನ್ನಾದರೂ ಕೇಳಲೇಬೇಕಿತ್ತು. ಯಾವ ಕಂಪನಿ ಸಮಾಜಸೇವೆಗೆ ಹಣ ತೆಗೆದಿಟ್ಟಿದೆ, ಯಾವ ಟ್ರಸ್ಟು ಹಳ್ಳಿಗಳಿಗೂ ಕೊಡುತ್ತದೆ ಎಂದು ಹುಡುಕಿ ಅರ್ಜಿ ಕಳಿಸುವುದು ನನ್ನ ಕೆಲಸ. ಬಹುಪಾಲು ಉತ್ತರವೇ ಬರುತ್ತಿರಲಿಲ್ಲ. ನಾನು ಮುಖ ಸಣ್ಣದು ಮಾಡಿದರೆ ಆಪಾ ಹೇಳುತ್ತಿದ್ದರು, "ಇನ್ನೊಂದ್ ಕಡೆ ಹಾಕು ಕಣಮ್ಮಾ. ಬಿತ್ತಿದ ಬೀಜ ಎಲ್ಲಾ ಮೊಳೆಯಲ್ಲ."

ಒಂದು ಮೊಳೆಯಿತು. ದೊಡ್ಡ ಊರಿನ ಕಂಪನಿಯೊಂದು ಬಂದು ನೋಡುವುದಾಗಿ ತಿಳಿಸಿತು. ಆಪಾ ತೋರಿಸಲು ಆರಿಸಿದ್ದು ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ರಸ್ತೆಯ ಪಕ್ಕದ ಕಾಲೋನಿ. ಈರುಳ್ಳಿ ಮಂಡಿಯಲ್ಲಿ ಗೆಡ್ಡೆ ಬೇರ್ಪಡಿಸುವ ಹೆಂಗಸರು, ಮೂಟೆ ಹೊರುವ ಗಂಡಸರು ಇದ್ದ ಜಾಗ. ಹಕ್ಕುಪತ್ರ ಎಲ್ಲರಿಗೂ ಸಿಕ್ಕಿತ್ತು, ಗೋಡೆಗಳೂ ಎದ್ದಿದ್ದವು. ಸೂರು ಯಾರದೂ ಆಗಿರಲಿಲ್ಲ.

ಸಾಲಿನ ಮೊದಲ ಮನೆಯಾಕೆಗೆ ಎಲ್ಲರಿಗಿಂತ ಅವಸರ. ಮಗಳು ಚೊಚ್ಚಲ ಬಸುರಿ. ಮುಂಗಾರು ಶುರುವಾಗುವ ಹೊತ್ತಿಗೆ ಹೆರಿಗೆಗೆ ತವರಿಗೆ ಬರಬೇಕಿತ್ತು. ಮಗಳ ಅತ್ತೆ ಹೇಳಿಕಳಿಸಿದ್ದಳಂತೆ: ತಗಡಿನ ಕೆಳಗೆ ಬಾಣಂತನ ಮಾಡೋದಾದ್ರೆ ನಮ್ ಸೊಸೆ ಕಳ್ಸಲ್ಲ. ಆ ಮಾತು ಆಕೆಗೆ ಚುಚ್ಚಿತ್ತು. ನಾವು ಹೋದಾಗೆಲ್ಲ ಗೋಡೆ ತೋರಿಸಿ ಕೇಳುತ್ತಿದ್ದಳು, "ಆಪಾ, ಮಳೆಗೆ ಮುಂಚೆ ಆಯ್ತದಾ?"

"ಆಗ್ಬೇಕು ಕಣೇ," ಎನ್ನುತ್ತಿದ್ದರು ಆಪಾ. ಆಗುತ್ತದೆ ಎಂದು ಒಮ್ಮೆಯೂ ಹೇಳಿದ್ದಿಲ್ಲ.

ಕಂಪನಿಯವರು ಬಂದ ದಿನ ನಾವು ಅವರ ಕಾರಿನಲ್ಲೇ ಹೋದೆವು. ಒಬ್ಬ ಸಾಹೇಬರು, ಜೊತೆಗೊಬ್ಬ ಹುಡುಗಿ. ಕಾಲೋನಿ ಹೊಕ್ಕ ಕೂಡಲೇ ನನಗೆ ದಾರಿ ತಪ್ಪಿತೇನೋ ಅನ್ನಿಸಿತು. ಅಂಗಳಗಳಿಗೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಹೆಂಗಸರೆಲ್ಲ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಮೊದಲ ಮನೆಯ ತಗಡಿನ ಶೆಡ್ಡಿನಲ್ಲಿ ಕುಶನ್ ಕುರ್ಚಿಗಳು, ಗಾಜಿನ ಟೀಪಾಯಿ. ಮೂಲೆಯಲ್ಲಿ ಒಂದು ಫ್ರಿಜ್ಜು! ನೀಲಿ ಬಣ್ಣದ್ದು, ಆಳೆತ್ತರದ್ದು. ತಲೆ ತಗಡಿಗೆ ತಾಗುತ್ತದೆಂದು ಅದರ ಕಾಲಡಿಯ ನೆಲ ಸ್ವಲ್ಪ ಅಗೆದಿದ್ದರು.

ಮನೆಯಾಕೆ ಅದರ ಬಾಗಿಲು ತೆಗೆದು ತಣ್ಣನೆಯ ನಿಂಬೆ ಪಾನಕ ತಂದುಕೊಟ್ಟಳು. ಸಾಹೇಬರು ಕುಡಿದರು. ಹುಡುಗಿ ಫ್ರಿಜ್ಜಿನ ಫೋಟೊ ತೆಗೆದಳು. ನಾನು ಆಪಾ ಮುಖ ನೋಡಿದೆ. ಅವರು ಲೋಟ ಖಾಲಿ ಮಾಡಿ, "ಇನ್ನೊಂಚೂರು ಹಾಕು," ಎಂದರು.

ಬಂದವರು ಊರು ಬಿಟ್ಟ ಮೇಲೆ ಗೊತ್ತಾಯಿತು. ಕುರ್ಚಿ, ಫ್ರಿಜ್ಜು ಎಲ್ಲ ಮಂಡಿ ಸಾಹುಕಾರರ ಮನೆಯದು. ಈರುಳ್ಳಿ ಸಾಗಿಸುವ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಕರೆಂಟು ಪಕ್ಕದ ಬೋರ್‌ವೆಲ್ ಮನೆಯಿಂದ.

"ಅಷ್ಟು ದೂರದಿಂದ ಬಿಸ್ಲಲ್ ಬತ್ತಾರೆ, ತಣ್ಣೀರಾದ್ರೂ ಕೊಡದ್ ಬ್ಯಾಡ್ವಾ ಆಪಾ?" ಎಂದಳು ಆಕೆ. "ಮಡಕೆ ನೀರ್ ಕೊಟ್ರೆ ಕುಡೀತಾರೋ ಇಲ್ವೋ. ಮಾನ ಹೋಗ್ಬಾರ್ದಲ್ಲ."

ಆಪಾ ಅವಳ ಬೆನ್ನು ತಟ್ಟಿದರು. ಬೈಯಲಿಲ್ಲ.

ವಾರದೊಳಗೆ ಫೋನ್ ಬಂತು. ಇನ್ನೂ ಕಷ್ಟದಲ್ಲಿರುವವರಿಗೆ ಆದ್ಯತೆ ಕೊಡಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು ಸಾಹೇಬರು. ಒಳ್ಳೆಯ ಮನುಷ್ಯನೇ, ಮೃದುವಾಗಿಯೇ ಹೇಳಿದರು. ಆಪಾ ಇದ್ದದ್ದನ್ನು ಇದ್ದ ಹಾಗೆ ವಿವರಿಸಿದರು. ಆ ಕಡೆಯಿಂದ ನಗು ಕೇಳಿಸಿತು. ಆದರೆ ಆ ವರ್ಷದ ತೀರ್ಮಾನ ಆಗಿಹೋಗಿದೆ, ಮುಂದಿನ ಸಲ ಹಾಗೆಲ್ಲ ಮಾಡಬೇಡಿ ಎಂದು ಕಾಲೋನಿಯವರಿಗೆ ತಿಳಿಸಿ ಹೇಳಿ ಎಂದರು.

"ಮನೆಗೆ ಬಂದೋರಿಗೆ ತಣ್ಣೀರು ಕೊಡ್ಬೇಡಿ ಅಂತ ನಾನು ಹೆಂಗ್ ಹೇಳ್ಲಿ ಸಾರ್?" ಎಂದರು ಆಪಾ. ಅಷ್ಟು ಹೇಳಿ ಫೋನ್ ಇಟ್ಟರು. ಎದ್ದು ಚಪ್ಪಲಿ ಮೆಟ್ಟಿ, "ಬಾ, ಅಜ್ಜಂಪುರಕ್ಕೆ ಹೋಗ್ಬರೋಣ," ಎಂದರು.

ಕಾಲೋನಿಗೆ ಹೋಗುತ್ತಾರೆ ಅಂದುಕೊಂಡೆ. ಅವರು ನೇರವಾಗಿ ಹೋದದ್ದು ಸಾಹುಕಾರರ ಮನೆಗೆ. ಸಾಹುಕಾರರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಏನ್ ಆಪಾ, ನಮ್ ಫ್ರಿಜ್ಜು ಚೆನ್ನಾಗ್ ಕೆಲ್ಸ ಮಾಡ್ತಾ?"

"ಭೋ ಚೆನ್ನಾಗ್ ಮಾಡ್ತು ಸಾಹುಕಾರ್ರೇ. ಅದನ್ ನೋಡಿ, ನೀವು ಬಡವ್ರೇ ಅಲ್ಲ ಅಂದ್ಬಿಟ್ರು. ಸೂರು ಹೋಯ್ತು."

ಸಾಹುಕಾರರು ಗಹಗಹಿಸಿ ನಕ್ಕರು. ನಗು ನಿಲ್ಲುವ ಮೊದಲೇ ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

"ನಗೋ ವಿಷ್ಯ ಏನ್ರೀ ಇದು? ಬಸುರಿ ಹೆಂಗಸಿನ ಬಾಣಂತನ ನಮ್ ಮನೆ ಫ್ರಿಜ್ಜಿಂದ ಕೆಟ್ಟೋಯ್ತು ಅಂತ ನಾಳೆ ಊರು ಆಡ್ಕೊಳಲ್ವಾ?"

"ಲೇ, ಕೇಳಿದ್ರು, ನೀನೇ ಕೊಟ್ಟೆ. ನಾನೇನೇ ಮಾಡ್ಲಿ?"

"ಕೊಟ್ಟಿದ್ದು ನಾನೇ ಕಣ್ರೀ. ಅದ್ಕೇ ಹೇಳ್ತಿರೋದು, ಸೂರೂ ನಾವೇ ಹಾಕ್ಸನ."

ಆಪಾ ಜಗಲಿಯ ಕಂಬಕ್ಕೆ ಒರಗಿ ಕೂತು, ಗಂಡ ಹೆಂಡತಿ ಮಾತಾಡಿ ಮುಗಿಸಲಿ ಎಂದು ಕಾಯುತ್ತಿದ್ದರು.

ಸಾಹುಕಾರರು ಆ ಒಂದು ಮನೆಗೆ ಸಿಮೆಂಟು, ಕಬ್ಬಿಣ ಕೊಡಲು ಒಪ್ಪಿದರು. ಆಳಿನ ಕೆಲಸಕ್ಕೆ ಆಪಾ ಕಾಲೋನಿಯವರಿಗೆ ಮುಯ್ಯಾಳಿನ ಮಾತು ಎತ್ತಿದರು. ಹೊಲದ ಕೆಲಸಕ್ಕೆ ನಮ್ಮ ಕಡೆ ಇರುವ ಹಳೆಯ ರೂಢಿ ಅದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿ ಯಾರಿಗೂ ಇಲ್ಲ. ಸೂರಿಗೂ ಹಾಗೇ ಮಾಡಿ ಎಂದರು. ಮಂಡಿಗೆ ರಜೆ ಇದ್ದ ದಿನ ಮೂಟೆ ಹೊರುವ ಗಂಡಸರೆಲ್ಲ ಬಂದರು. ಈರುಳ್ಳಿ ಹೊತ್ತ ಹೆಗಲುಗಳಿಗೆ ಕಾಂಕ್ರೀಟಿನ ಬಾಂಡ್ಲಿ ಭಾರವೇ ಅಲ್ಲ. ಮಧ್ಯಾಹ್ನ ಸಾಹುಕಾರರ ಹೆಂಡತಿ ಕೇಸರಿಬಾತ್ ಮಾಡಿಸಿ ಕಳಿಸಿದ್ದರು. ಮರುದಿನ ಆಪಾ ಏಣಿ ಹತ್ತಿ, ನೆನೆದ ಗೋಣಿಯ ಮೇಲೆ ಅಂಗೈ ಇಟ್ಟು ನೋಡಿದರು. "ವಾಸ್ನೆ ನೋಡಮ್ಮಾ, ಅತ್ತರ್ ಇದ್ದಂಗಿದೆ," ಎಂದರು. ನನಗೆ ಸಿಮೆಂಟಿನ ವಾಸನೆಯೇ ಬಂತು.

ಸೆಂಟ್ರಿಂಗ್ ಬಿಚ್ಚಿದ ಮೇಲೆ ಮಳೆ ಬಂತು. ಮಗಳನ್ನು ಅವಳ ಅತ್ತೆಯೇ ಕರೆತಂದಳು. ಅತ್ತೆ ತಲೆ ಎತ್ತಿ ಸೂರನ್ನು ಒಂದು ಸುತ್ತು ನೋಡಿ, ಕೂತು ಕಾಫಿ ಕುಡಿದಳಂತೆ. ಹೆಣ್ಣು ಮಗು ಹುಟ್ಟಿತು.

ಆಮೇಲೆ ಆಪಾ ಕೆಲಸದ ರೀತಿ ಬದಲಾಯಿತು. ಕಂಪನಿಗಳಿಗೆ ಅರ್ಜಿ ಹಾಕುವುದು ನಿಲ್ಲಲಿಲ್ಲ. ಕೆಲವರು ಕೊಟ್ಟರು ಕೂಡ. ಆದರೆ ಯಾವ ಊರಿಗೆ ಹೋದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: ನಿಮ್ಮ ಮನೆಗೆ ನೆಂಟರು ಬಂದರೆ ಪಾತ್ರೆ, ಚಾಪೆ ಯಾರ ಮನೆಯಿಂದ ತರುತ್ತೀರಿ? ಅವರು ಹೇಳಿದ ಮನೆಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದರು. ಎಲ್ಲ ಕಡೆಯೂ ಸಾಹುಕಾರರ ಹೆಂಡತಿಯಂಥವರು ಸಿಗಲಿಲ್ಲ. ಎಮ್ಮೆದೊಡ್ಡಿ ಕಡೆಯ ಒಂದು ಹಳ್ಳಿಯಲ್ಲಿ ನೀರೂ ಕೊಡದೆ ಕಳಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಪಾ ಸಪ್ಪಗಿದ್ದರು. ಅಜ್ಜಂಪುರದ ಕಾಲೋನಿಯಲ್ಲಂತೂ ಒಂದು ಸೂರಿಗೆ ಬಂದ ಕಂತಿನಿಂದ ಮುಂದಿನದಕ್ಕೆ ಸಿಮೆಂಟು ಕೊಂಡು, ಮುಯ್ಯಿಯ ಮೇಲೆ ಒಂದೊಂದೇ ಸೂರು ಆಗುತ್ತಾ ಹೋಯಿತು. ಕೊನೆಯದೊಂದು ಉಳಿದಿತ್ತು.

ಆಪಾಗೆ ಜ್ವರ ಬಂದದ್ದು ಆಗಲೇ. ಮಾತ್ರೆ ನುಂಗಿ ಓಡಾಡಿದರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸೋಂಕು ಎದೆಗೆ ಇಳಿದಿತ್ತು. ನಾನು ನೋಡಲು ಹೋದಾಗ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಏನೋ ಹೇಳಲು ನೋಡಿದರು... ನನಗೆ ತಿಳಿಯಲಿಲ್ಲ. ತಿಳಿದವಳ ಹಾಗೆ ತಲೆಯಾಡಿಸಿದೆ. ಮಣ್ಣು ಮಾಡುವ ದಿನ ಕಾಲೋನಿಯವರೆಲ್ಲ ಈರುಳ್ಳಿ ಲಾರಿಯಲ್ಲಿ ಬಂದು ಬೀದಿಯಲ್ಲಿ ನಿಂತಿದ್ದರು. ಕೊನೆಯ ಸೂರನ್ನು ಅವರೇ ಹಾಕಿಕೊಂಡರು. ನನಗೆ ಹೇಳಿಕಳಿಸಿದ್ದು ಮುಗಿದ ಮೇಲೆ.

ಸಂಸ್ಥೆ ಇನ್ನೂ ಇದೆ. ಮುಂದಿನ ಕೋಣೆಯನ್ನು ಆಪಾ ಅವರ ಮಗ ನಮಗೇ ಬಿಟ್ಟಿದ್ದಾರೆ. ಆಪಾ ಮೊಬೈಲೂ ನನ್ನ ಮೇಜಿನ ಮೇಲಿದೆ, ಯಾಕೆಂದರೆ ಎಲ್ಲ ಹಳ್ಳಿಗಳಲ್ಲೂ ಜನರಿಗೆ ಗೊತ್ತಿರುವುದು ಆ ನಂಬರೇ. ಮೊದಮೊದಲು ಯಾರಾದರೂ ಕರೆ ಮಾಡಿದರೆ ಆಪಾ ತೀರಿಕೊಂಡರು ಎಂದು ಹೇಳುತ್ತಿದ್ದೆ. ಅಯ್ಯೋ ಎನ್ನುತ್ತಿದ್ದರು, ಕೆಲವರು ಅಳುತ್ತಿದ್ದರು, ಆಮೇಲೆ ಫೋನ್ ಇಟ್ಟುಬಿಡುತ್ತಿದ್ದರು. ಸತ್ತವರ ಮನೆಯಲ್ಲಿ ತಮ್ಮ ಕಷ್ಟ ಹೇಳಿಕೊಳ್ಳಬಾರದು ಎಂಬ ಸಂಕೋಚ. ಯಾಕೆ ಕರೆ ಮಾಡಿದ್ದರೆಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಈಗ ಮೊದಲೇ ಹೇಳುವುದಿಲ್ಲ. ಇವತ್ತು ಬೆಳಿಗ್ಗೆಯೂ ಒಂದು ಕರೆ ಬಂತು. ಯಾರೋ ವಯಸ್ಸಾದ ಹೆಂಗಸು.

"ಆಪಾ, ನಾನು ಕಣವ್ವಾ... ಗೋಡೆ ಎದ್ದು ನಿಂತದೆ, ಮೇಲಕ್ಕೆ ಏನೂ ಇಲ್ಲ."

"ಹೇಳಿ ಅಮ್ಮಾ," ಎಂದೆ. "ಯಾವೂರು?"